ಹೋಗುವಾಗ ಎಂಟು ಗಂಟೆ, ಬರುವಾಗ ಏಳು: ವಿಮಾನದ ದೂರ ಮತ್ತು ಹೊತ್ತಿನ ಲೆಕ್ಕ

ಟಿಕೆಟ್ ಕೈಗೆ ಬಂದ ಕೂಡಲೇ ಕಣ್ಣು ಮೊದಲು ಹೋಗುವುದು ಎರಡು ಸಮಯಗಳ ಮೇಲೆ. ಹೊರಡುವುದು ಎಷ್ಟು ಹೊತ್ತಿಗೆ, ತಲುಪುವುದು ಎಷ್ಟು ಹೊತ್ತಿಗೆ. ಜನವರಿಯ ಒಂದು ದಿನ ಟೋಕಿಯೊದಿಂದ ಸಂಜೆ 5ಕ್ಕೆ ಹೊರಟು, ಅದೇ ತಾರೀಖಿನ ಬೆಳಿಗ್ಗೆ 10ಕ್ಕೆ ಲಾಸ್ ಏಂಜಲೀಸ್ ಸೇರುವ ಟಿಕೆಟ್ ನಿಮ್ಮ ಕೈಯಲ್ಲಿದೆ ಎಂದುಕೊಳ್ಳಿ. ಹೊರಡುವುದಕ್ಕೆ ಏಳು ಗಂಟೆ ಮೊದಲೇ ತಲುಪಿಬಿಡುವ ಪ್ರಯಾಣ! ಮೊದಲ ಸಲ ದೂರದೇಶಕ್ಕೆ ಹೊರಟವರು, ಮಕ್ಕಳನ್ನು ಕಳಿಸಿ ಮನೆಯಲ್ಲಿ ಕಾಯುವವರು, ಇಂಥ ಟಿಕೆಟ್ ನೋಡಿ ತಪ್ಪಾಗಿ ಅಚ್ಚಾಗಿರಬೇಕು ಎಂದೇ ತಿಳಿಯುತ್ತಾರೆ. ತಪ್ಪೇನೂ ಆಗಿಲ್ಲ.

ಇನ್ನೊಂದು ಗೊಂದಲವೂ ಇದೆ. ಲಂಡನ್ನಿನಿಂದ ನ್ಯೂಯಾರ್ಕ್‌ಗೆ ಸುಮಾರು ಎಂಟು ಗಂಟೆ, ನ್ಯೂಯಾರ್ಕ್‌ನಿಂದ ಲಂಡನ್ನಿಗೆ ಸುಮಾರು ಏಳು. ಊರುಗಳು ಇದ್ದಲ್ಲೇ ಇವೆ, ದೂರ ಎರಡೂ ಕಡೆಗೆ ಸುಮಾರು 5,550 ಕಿಲೋಮೀಟರ್, ವಿಮಾನವೂ ಒಂದೇ. ಹಾಗಿದ್ದರೆ ಆ ಒಂದು ಗಂಟೆ ಎಲ್ಲಿಂದ ಬಂತು?

ಎರಡು ನಿಲ್ದಾಣಗಳ ನಡುವಿನ ದೂರ ಎಂದರೆ ಒಂದು ಅಂಕಿ. ಅದನ್ನು ಕೂತಲ್ಲೇ ಲೆಕ್ಕ ಹಾಕಬಹುದು. ಪ್ರಯಾಣದ ಹೊತ್ತು ಹಾಗಲ್ಲ. ಗಾಳಿ, ಯಾರ ಆಕಾಶ ತೆರೆದಿದೆ ಎಂಬ ವಿಚಾರ, ಎಂಜಿನ್ನಿನ ಮೇಲಿರುವ ನಂಬಿಕೆ, ಹೊತ್ತೊಯ್ಯುವ ಇಂಧನದ ತೂಕ, ಎಲ್ಲವೂ ಅದರೊಳಗೆ ಸೇರಿಕೊಂಡಿರುತ್ತವೆ. ಒಂದೊಂದನ್ನಾಗಿ ಬಿಡಿಸಿ ನೋಡೋಣ.

ನಕ್ಷೆಯ ಮೇಲೆ ಸೊಟ್ಟ, ಭೂಮಿಯ ಮೇಲೆ ನೇರ

ಸೀಟಿನ ಮುಂದಿನ ಪರದೆಯಲ್ಲಿ ವಿಮಾನದ ದಾರಿ ತೋರಿಸುವ ನಕ್ಷೆಯನ್ನು ನೋಡಿದವರಿಗೆಲ್ಲ ಬರುವ ಅನುಮಾನ ಒಂದೇ. ನೇರವಾಗಿ ಹೋಗುವುದು ಬಿಟ್ಟು ಇದೇಕೆ ಬಿಲ್ಲಿನಂತೆ ಬಾಗಿ ಉತ್ತರಕ್ಕೆ ಸುತ್ತುತ್ತಿದೆ?

ಇಲ್ಲಿ ಸುತ್ತುತ್ತಿರುವುದು ವಿಮಾನ ಅಲ್ಲ, ನಮಗೆ ಹಾಗೆ ತೋರಿಸುತ್ತಿರುವುದು ನಕ್ಷೆ. ಗುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸಿದರೆ ಎಲ್ಲಾದರೂ ಎಳೆದು ಹಿಗ್ಗಿಸಲೇಬೇಕು. ನಾವು ಶಾಲೆಯಿಂದಲೂ ನೋಡುತ್ತ ಬಂದ ಗೋಡೆ ನಕ್ಷೆಗಳಲ್ಲಿ ಹೆಚ್ಚಿನವು 1569ರಲ್ಲಿ ಮರ್ಕೇಟರ್ ರಚಿಸಿದ ನಕ್ಷೆಯ ವಂಶದವು. ಹಡಗಿನವರಿಗೆ ದಿಕ್ಕು ಹಿಡಿಯಲು ಅನುಕೂಲವಾಗಲಿ ಎಂದು ಮಾಡಿದ ನಕ್ಷೆ ಅದು. ದಿಕ್ಕು ಸರಿಯಾಗಿ ತೋರಿಸುತ್ತದೆ, ದೂರವನ್ನು ಕೆಡಿಸುತ್ತದೆ. ಸಮಭಾಜಕ ವೃತ್ತದಿಂದ ಧ್ರುವಗಳ ಕಡೆಗೆ ಹೋದಷ್ಟೂ ಹಿಗ್ಗುವಿಕೆ ಜಾಸ್ತಿ.

ಮನೆಯಲ್ಲಿ ಒಂದು ಚೆಂಡು, ಎರಡು ಗುಂಡುಪಿನ್ನು, ಒಂದು ರಬ್ಬರ್ ಬ್ಯಾಂಡ್ ಇದ್ದರೆ ಸಾಕು. ಚೆಂಡಿನ ಮೇಲ್ಭಾಗದಲ್ಲಿ ಎದುರುಬದುರಾಗಿ ಎರಡು ಪಿನ್ನು ಚುಚ್ಚಿ, ರಬ್ಬರ್ ಬ್ಯಾಂಡನ್ನು ಎರಡಕ್ಕೂ ಸಿಕ್ಕಿಸಿ. ಅದನ್ನು ಬೆರಳಿನಿಂದ ಕೆಳಕ್ಕೆಳೆದು, ಚೆಂಡಿನ ಸೊಂಟದ ಸುತ್ತ ಹೋಗುವಂತೆ ಹಿಡಿಯಿರಿ. ಬೆರಳು ಬಿಟ್ಟ ತಕ್ಷಣ ಅದು ಸರ್ರನೆ ಜಾರಿ ಚೆಂಡಿನ ನೆತ್ತಿಯ ಮೇಲೆ ಹಾದು ನಿಲ್ಲುತ್ತದೆ. ಬಿಗಿಯಾದ ರಬ್ಬರ್ ಬ್ಯಾಂಡ್ ಯಾವಾಗಲೂ ಅತಿ ಚಿಕ್ಕ ದಾರಿಯನ್ನೇ ಹುಡುಕುತ್ತದೆ. ಗೋಳದ ಮೇಲಿನ ಆ ಅತಿ ಚಿಕ್ಕ ದಾರಿಗೆ ಮಹಾವೃತ್ತದ ದಾರಿ ಎಂದು ಹೆಸರು. ಭೂಮಿಯನ್ನು ಸರಿಯಾಗಿ ಎರಡು ಸಮ ಹೋಳು ಮಾಡುವಂತೆ ಸುತ್ತುವ ವೃತ್ತವೇ ಮಹಾವೃತ್ತ.

ನಿಜವಾದ ಊರುಗಳನ್ನೇ ತೆಗೆದುಕೊಳ್ಳೋಣ. ಫಿನ್ಲೆಂಡಿನ ಹೆಲ್ಸಿಂಕಿ ಮತ್ತು ಅಲಾಸ್ಕಾದ ಆ್ಯಂಕರೇಜ್ ಎರಡೂ ಸರಿಸುಮಾರು 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ, ಆದರೆ ಭೂಮಿಯ ಹೆಚ್ಚುಕಡಿಮೆ ವಿರುದ್ಧ ಬದಿಗಳಲ್ಲಿ. ಗೋಡೆ ನಕ್ಷೆಯಲ್ಲಿ ಇವೆರಡರ ನಡುವೆ ಅಡ್ಡಗೆರೆ ಎಳೆದು, ಅದೇ ಅಕ್ಷಾಂಶದ ಗುಂಟ ಹೋದರೆ ಸುಮಾರು 9,500 ಕಿಲೋಮೀಟರ್. ಉತ್ತರ ಧ್ರುವದ ಹತ್ತಿರ ಹಾದುಹೋದರೆ ಸುಮಾರು 6,500. ನಕ್ಷೆಯಲ್ಲಿ ನೇರವಾಗಿ ಕಂಡ ದಾರಿಯೇ ಮೂರು ಸಾವಿರ ಕಿಲೋಮೀಟರ್ ಸುತ್ತು.

ಎರಡು ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ತ್ರಿಕೋನಮಿತಿಯ ಒಂದು ಸೂತ್ರದಿಂದ ಈ ದೂರ ಸಿಗುತ್ತದೆ. ವಿಮಾನದ ದೂರ ಇಷ್ಟು ಎಂದು ನೀವು ಎಲ್ಲೇ ಓದಿದರೂ ಅದು ಬಹುತೇಕ ಈ ಲೆಕ್ಕದ ಅಂಕಿ. ಭೂಮಿ ಧ್ರುವಗಳಲ್ಲಿ ಕೊಂಚ ಚಪ್ಪಟೆಯಾಗಿರುವುದರಿಂದ, ಅದನ್ನು ಪೂರ್ತಿ ಗುಂಡಗಿದೆ ಎಂದು ಭಾವಿಸಿ ಲೆಕ್ಕ ಹಾಕಿದವರಿಗೂ ಹಾಗೆ ಭಾವಿಸದವರಿಗೂ ಅಂಕಿಯಲ್ಲಿ ಸಣ್ಣ ವ್ಯತ್ಯಾಸ ಬರುತ್ತದೆ. ಹತ್ತು ಸಾವಿರ ಕಿಲೋಮೀಟರಿಗೆ ಕೆಲವು ಹತ್ತು ಕಿಲೋಮೀಟರ್ ಆಚೀಚೆ, ಅಷ್ಟೇ.

ವೈಮಾನಿಕರ ಅಳತೆ ಮಾತ್ರ ಕಿಲೋಮೀಟರ್ ಅಲ್ಲ, ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಎಂದರೆ 1,852 ಮೀಟರ್. ಈ ವಿಚಿತ್ರ ಅಂಕಿಯ ಹಿಂದೆ ಒಂದು ಸುಂದರವಾದ ಸರಳತೆ ಇದೆ. ಅಕ್ಷಾಂಶದ ಒಂದು ಡಿಗ್ರಿಯನ್ನು 60 ಭಾಗ ಮಾಡಿದರೆ ಬರುವ ಒಂದು ಭಾಗದ ಉದ್ದ ಅದು. ಗಂಟೆಗೆ ಒಂದು ನಾಟಿಕಲ್ ಮೈಲಿ ವೇಗಕ್ಕೆ ಒಂದು ನಾಟ್ ಎನ್ನುತ್ತಾರೆ.

ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಆದ್ದರಿಂದ ಜಗತ್ತಿನ ಯಾವ ಎರಡು ನಿಲ್ದಾಣಗಳೂ ಒಂದಕ್ಕೊಂದು ಸುಮಾರು 20,000 ಕಿಲೋಮೀಟರಿಗಿಂತ ದೂರ ಇರಲು ಸಾಧ್ಯವೇ ಇಲ್ಲ. ಅದನ್ನು ದಾಟಿದರೆ ಇನ್ನೊಂದು ಕಡೆಯಿಂದ ಹತ್ತಿರವಾಗುತ್ತ ಬರುತ್ತೀರಿ.

ಆ ಗೆರೆಯ ಮೇಲೆಯೇ ಹಾರಲು ಬಿಡುವುದಿಲ್ಲ

ಅತಿ ಚಿಕ್ಕ ದಾರಿ ಗೊತ್ತಾಯಿತು. ಆದರೆ ವಿಮಾನ ಅದರ ಮೇಲೆಯೇ ಹಾರುವುದು ಅಪರೂಪ.

ಮೊದಲನೆಯದು ಗಡಿ. ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಹಕ್ಕಿದೆ. ಹಾದುಹೋಗಲು ಅನುಮತಿ ಬೇಕು, ಶುಲ್ಕ ಕಟ್ಟಬೇಕು. ದೇಶ ಬೇಡ ಎಂದರೆ ಸುತ್ತಿಕೊಂಡು ಹೋಗಲೇಬೇಕು. ಇದರ ಕಣ್ಣಮುಂದಿನ ಉದಾಹರಣೆ ಹೆಲ್ಸಿಂಕಿ–ಟೋಕಿಯೊ ದಾರಿ. ಮಹಾವೃತ್ತದ ಲೆಕ್ಕದಲ್ಲಿ ಇದು ಸುಮಾರು 7,800 ಕಿಲೋಮೀಟರ್, ಬಹುಪಾಲು ರಷ್ಯಾದ ಮೇಲೆ. ಒಂಬತ್ತು–ಹತ್ತು ಗಂಟೆಯ ಪ್ರಯಾಣ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಯುರೋಪಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಮಾರ್ಚ್‌ನಲ್ಲಿ ಫಿನ್ಲೆಂಡಿನ ವಿಮಾನ ಕಂಪನಿ ಫಿನ್‌ಏರ್ ಮತ್ತೆ ಟೋಕಿಯೊಗೆ ಹಾರಲು ಶುರುಮಾಡಿದಾಗ ಹಿಡಿದದ್ದು ಉತ್ತರ ಧ್ರುವದ ಮೇಲಿನ ದಾರಿ, ಅಲ್ಲಿಂದ ಅಲಾಸ್ಕಾದ ಕಡೆ ಇಳಿದು ಟೋಕಿಯೊ. ಹೊತ್ತು ಹದಿಮೂರು ಗಂಟೆಗೆ ಏರಿತು. ಈ ದಾರಿ ಹೊಸದೇನಲ್ಲ. ಶೀತಲ ಸಮರದ ಕಾಲದಲ್ಲಿ ಸೋವಿಯತ್ ಆಕಾಶ ಮುಚ್ಚಿದ್ದಾಗ ಯುರೋಪಿನಿಂದ ಜಪಾನಿಗೆ ಹೋಗುವ ವಿಮಾನಗಳು ಆ್ಯಂಕರೇಜ್‌ನಲ್ಲಿ ಇಳಿದು ಇಂಧನ ತುಂಬಿಸಿಕೊಂಡು ಹೋಗುತ್ತಿದ್ದವು. ಇದೇ ಕಂಪನಿ 1983ರಲ್ಲಿ ಧ್ರುವದ ಮೇಲಿಂದ ತಡೆಯಿಲ್ಲದೆ ಟೋಕಿಯೊಗೆ ಹಾರಿತ್ತು. ನಿಲ್ದಾಣಗಳು ಒಂದಿಂಚೂ ಕದಲಿಲ್ಲ, ಆದರೂ ಟೋಕಿಯೊ ಮೂರ್ನಾಲ್ಕು ಗಂಟೆ ದೂರವಾಯಿತು.

ಎರಡನೆಯದು ಎಂಜಿನ್. ಈಗಿನ ದೂರಪ್ರಯಾಣದ ವಿಮಾನಗಳಲ್ಲಿ ಹೆಚ್ಚಿನವಕ್ಕೆ ಇರುವುದು ಎರಡೇ ಎಂಜಿನ್. ನಡುಸಮುದ್ರದ ಮೇಲೆ ಒಂದು ನಿಂತರೆ, ಉಳಿದ ಒಂದರ ಮೇಲೆ ಹಾರಿ ಹತ್ತಿರದ ನಿಲ್ದಾಣ ಸೇರಬೇಕು. ಆದ್ದರಿಂದ ದಾರಿಯ ಯಾವ ಬಿಂದುವಿನಿಂದಲೂ ಇಂತಿಷ್ಟು ನಿಮಿಷದಲ್ಲಿ ಸೇರಬಹುದಾದ ಒಂದು ನಿಲ್ದಾಣ ಇರಲೇಬೇಕೆಂಬ ನಿಯಮ ಇದೆ. ಈ ನಿಯಮಕ್ಕೆ ಇಟಾಪ್ಸ್ ಎನ್ನುತ್ತಾರೆ. ಮೊದಲು ಈ ಮಿತಿ 60 ನಿಮಿಷ. 1985ರಲ್ಲಿ ಅದು 120 ನಿಮಿಷಕ್ಕೆ ಏರಿ, ಎರಡು ಎಂಜಿನ್‌ನ ವಿಮಾನಗಳಿಗೆ ಅಟ್ಲಾಂಟಿಕ್ ತೆರೆದುಕೊಂಡಿತು. ಎಂಜಿನ್‌ಗಳು ನಂಬಿಕೆ ಗಳಿಸಿಕೊಂಡಂತೆ ಮಿತಿಯೂ ಸಡಿಲವಾಯಿತು. 2014ರಲ್ಲಿ ಏರ್‌ಬಸ್ ಎ350ಕ್ಕೆ 370 ನಿಮಿಷದವರೆಗೂ ಒಪ್ಪಿಗೆ ಸಿಕ್ಕಿತು. ದಕ್ಷಿಣ ಗೋಳಾರ್ಧದ ದಾರಿಗಳಿಗೆ ಇದು ದೊಡ್ಡ ವಿಷಯ. ಸಿಡ್ನಿಯಿಂದ ಚಿಲಿಯ ಸ್ಯಾಂಟಿಯಾಗೊಗೆ ಹೋಗುವ ಸುಮಾರು 11,300 ಕಿಲೋಮೀಟರಿನಲ್ಲಿ ನ್ಯೂಜಿಲೆಂಡ್ ದಾಟಿದ ಮೇಲೆ ಬರೀ ನೀರು. ಕೆಳಗೆ ನೋಡಿದರೆ ತೇಲುವ ಹಿಮಗಡ್ಡೆ ಕಾಣಬಹುದೇ ಹೊರತು ರನ್‌ವೇ ಕಾಣುವುದಿಲ್ಲ.

ಬೆಟ್ಟವೂ ತಡೆಯುತ್ತದೆ. ವಿಮಾನ 11 ಕಿಲೋಮೀಟರ್ ಎತ್ತರದಲ್ಲಿ ಹಾರುವಾಗ ಬೆಟ್ಟದ ಭಯವೇನು ಎನ್ನಿಸಬಹುದು. ಒಳಗಿನ ಗಾಳಿಯ ಒತ್ತಡ ಇಳಿದುಹೋದರೆ ಪೈಲಟ್ ಬೇಗ ಸುಮಾರು 3,000 ಮೀಟರ್ ಎತ್ತರಕ್ಕೆ, ಅಂದರೆ ಮುಖವಾಡವಿಲ್ಲದೆ ಉಸಿರಾಡಬಹುದಾದ ಗಾಳಿಗೆ, ಇಳಿಯಬೇಕು. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿದೆ. ಇಳಿಯಲು ಜಾಗವೇ ಇಲ್ಲ. ಹಾಗಾಗಿ ಹೆಚ್ಚಿನ ವಿಮಾನಗಳು ಅದನ್ನು ಬಿಟ್ಟು ಸುತ್ತಿಕೊಂಡೇ ಹೋಗುತ್ತವೆ.

ದೂರಕ್ಕಿಂತ ದೊಡ್ಡದು ಗಾಳಿ

ಲಂಡನ್–ನ್ಯೂಯಾರ್ಕ್ ನಡುವಿನ ಆ ಒಂದು ಗಂಟೆಯ ಉತ್ತರ ಇರುವುದು ಇಲ್ಲಿ.

ಹರಿಯುವ ಹೊಳೆಯಲ್ಲಿ ದೋಣಿ ನಡೆಸಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹುಟ್ಟು ಹಾಕುವ ಬಲ ಒಂದೇ ಇದ್ದರೂ ಹರಿವಿನ ಜೊತೆ ಹೋದರೆ ದಡದ ಮರಗಳು ಬೇಗ ಹಿಂದೆ ಸರಿಯುತ್ತವೆ, ಎದುರು ಹೋದರೆ ನಿಧಾನ. ವಿಮಾನ ತೇಲುವುದು ಗಾಳಿಯ ಹೊಳೆಯಲ್ಲಿ. ಗಾಳಿಗೆ ಹೋಲಿಸಿದರೆ ಅದರ ವೇಗ ಗಂಟೆಗೆ ಸುಮಾರು 900 ಕಿಲೋಮೀಟರ್. ನೆಲಕ್ಕೆ ಹೋಲಿಸಿದ ವೇಗ ಬೇಕಾದರೆ ಗಾಳಿಯ ವೇಗವನ್ನು ಕೂಡಿಸಬೇಕು, ಇಲ್ಲವೇ ಕಳೆಯಬೇಕು. ಸೀಟಿನ ಮುಂದಿನ ಪರದೆಯಲ್ಲಿ ಕಾಣುವುದು ಈ ನೆಲದ ವೇಗ. ಅದು 1,080 ಎಂದು ತೋರಿಸುತ್ತಿದ್ದರೆ ಪೈಲಟ್ ಜೋರಾಗಿ ಓಡಿಸುತ್ತಿದ್ದಾನೆ ಎಂದಲ್ಲ, ಬೆನ್ನಿಗೆ 180ರ ಗಾಳಿ ಇದೆ ಎಂದರ್ಥ.

ಇಷ್ಟು ಬಲದ ಗಾಳಿ ಎಲ್ಲಿಂದ ಬರುತ್ತದೆ? ಸಮಭಾಜಕದ ಕಡೆಯ ಗಾಳಿ ಬಿಸಿ, ಧ್ರುವದ ಕಡೆಯದು ತಣ್ಣಗೆ. ಬಿಸಿ ಗಾಳಿ ಹಿಗ್ಗಿ ಎತ್ತರಕ್ಕೆ ಉಬ್ಬುತ್ತದೆ, ಹಾಗಾಗಿ ಮೇಲೆ ಹೋದಂತೆ ಬಿಸಿ ಕಡೆಯ ಒತ್ತಡ ಹೆಚ್ಚು. ಗಾಳಿ ಧ್ರುವದ ಕಡೆಗೆ ಹರಿಯಲು ಹೊರಡುತ್ತದೆ. ಆದರೆ ಕೆಳಗೆ ಭೂಮಿ ತಿರುಗುತ್ತಿರುವುದರಿಂದ ಆ ಹರಿವು ಉತ್ತರ ಗೋಳಾರ್ಧದಲ್ಲಿ ಬಲಕ್ಕೂ ದಕ್ಷಿಣದಲ್ಲಿ ಎಡಕ್ಕೂ ಹೊರಳುತ್ತದೆ. ಎರಡೂ ಕಡೆ ಹೊರಳಿದ ದಿಕ್ಕು ಒಂದೇ, ಪೂರ್ವ. ಬಿಸಿ–ತಂಪು ಎದುರುಬದುರಾಗುವ ಕಡೆ ಈ ಹರಿವು ಕಿರಿದಾದ, ರಭಸದ ನದಿಯಾಗುತ್ತದೆ. ಇದೇ ಜೆಟ್ ಸ್ಟ್ರೀಮ್. ನೆಲದಿಂದ 9ರಿಂದ 12 ಕಿಲೋಮೀಟರ್ ಎತ್ತರದಲ್ಲಿ, ಅಂದರೆ ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಅಂಕುಡೊಂಕಾಗಿ ಬೀಸುತ್ತದೆ. ಚಳಿಗಾಲದಲ್ಲಿ ಧ್ರುವಕ್ಕೂ ಸಮಭಾಜಕಕ್ಕೂ ಬಿಸಿಯ ಅಂತರ ಹೆಚ್ಚುವುದರಿಂದ ಆಗ ಅದರ ಬಲವೂ ಹೆಚ್ಚು. ಕೆಲವೊಮ್ಮೆ ಗಂಟೆಗೆ 300 ಕಿಲೋಮೀಟರ್ ದಾಟುತ್ತದೆ.

ಇದನ್ನು ಮೊದಲು ಕ್ರಮವಾಗಿ ಅಳೆದವರು ಜಪಾನಿನ ಹವಾಮಾನ ವಿಜ್ಞಾನಿ ವಸಾಬುರೊ ಓಯಿಶಿ. 1920ರ ದಶಕದಲ್ಲಿ ತಾತೆನೊ ಎಂಬಲ್ಲಿ ಬಲೂನುಗಳನ್ನು ಹಾರಿಬಿಟ್ಟು, ಅವು ಸರಿಯುವ ವೇಗವನ್ನು ನೋಡಿ ನೋಡಿ ಬರೆದಿಟ್ಟರು. ಜಗತ್ತಿಗೆಲ್ಲ ತಿಳಿಯಲಿ ಎಂದು 1926ರಲ್ಲಿ ಆ ವರದಿಯನ್ನು ಎಸ್ಪೆರಾಂಟೊ ಎಂಬ ಕಟ್ಟಿದ ಅಂತರರಾಷ್ಟ್ರೀಯ ಭಾಷೆಯಲ್ಲಿ ಪ್ರಕಟಿಸಿದರು. ಆ ಭಾಷೆ ಓದುವವರೇ ಕಡಿಮೆ, ಹೊರಗಿನವರು ಗಮನಿಸಲೇ ಇಲ್ಲ. 1944ರಲ್ಲಿ ಜಪಾನಿನ ಮೇಲೆ ಹಾರಿದ ಅಮೆರಿಕದ ಬಿ-29 ಬಾಂಬರ್‌ಗಳು ಈ ಗಾಳಿಗೆ ಸಿಕ್ಕು ಗುರಿ ತಪ್ಪಿದವು. ಆಕಾಶದಲ್ಲಿ ಇಂಥದೊಂದು ನದಿ ಇದೆ ಎಂದು ಹೊರಗಿನ ಜಗತ್ತಿಗೆ ಅರಿವಾದದ್ದು ಆಮೇಲೆ. ಎಲ್ಲರಿಗೂ ತಲುಪಲಿ ಎಂದು ಬರೆದದ್ದು ಯಾರಿಗೂ ತಲುಪದೆ ಹೋಯಿತಲ್ಲ ಎಂದು ಓಯಿಶಿಯ ವಿಷಯ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈಗ ಒಂದು ಲೆಕ್ಕ. 5,400 ಕಿಲೋಮೀಟರ್ ದಾರಿ, ಗಾಳಿಯಲ್ಲಿ ವಿಮಾನದ ವೇಗ 900. ಗಾಳಿಯೇ ಇಲ್ಲದಿದ್ದರೆ ಹೋಗಲು ಆರು ಗಂಟೆ, ಬರಲು ಆರು, ಒಟ್ಟು ಹನ್ನೆರಡು. ಈಗ ಪೂರ್ವದ ಕಡೆಗೆ 180 ಕಿಲೋಮೀಟರ್ ಗಾಳಿ ಬೀಸಲಿ. ಪೂರ್ವಕ್ಕೆ ಹೋಗುವಾಗ ನೆಲದ ವೇಗ 1,080, ಹೊತ್ತು ಐದು ಗಂಟೆ. ಪಶ್ಚಿಮಕ್ಕೆ ಮರಳುವಾಗ ವೇಗ 720, ಹೊತ್ತು ಏಳೂವರೆ. ಒಟ್ಟು ಹನ್ನೆರಡೂವರೆ. ಹೋಗುವಾಗ ಉಳಿದದ್ದು ಒಂದು ಗಂಟೆ, ಬರುವಾಗ ಕಳೆದದ್ದು ಒಂದೂವರೆ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಸಿಕ್ಕಿಕೊಂಡಿರುತ್ತದೆ, ಅದಕ್ಕೇ ನಷ್ಟ ಜಾಸ್ತಿ. ಹೋಗಿಬರುವುದರಲ್ಲಿ ಗಾಳಿ ಸರಿತೂಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ತೂಗುವುದಿಲ್ಲ.

2020ರ ಫೆಬ್ರವರಿಯಲ್ಲಿ ಕಿಯಾರಾ ಬಿರುಗಾಳಿಯ ಹೊತ್ತಿಗೆ ಜೆಟ್ ಸ್ಟ್ರೀಮ್ ವಿಪರೀತ ಬಲಗೊಂಡಿತ್ತು. ನ್ಯೂಯಾರ್ಕ್‌ನಿಂದ ಲಂಡನ್ನಿಗೆ ಹೊರಟ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ಒಂದು 4 ಗಂಟೆ 56 ನಿಮಿಷದಲ್ಲಿ ತಲುಪಿತು. ನೆಲದ ವೇಗ ಒಂದು ಹಂತದಲ್ಲಿ ಗಂಟೆಗೆ 1,327 ಕಿಲೋಮೀಟರ್ ಮುಟ್ಟಿತ್ತು. ಆ ಎತ್ತರದ ತಣ್ಣನೆ ಗಾಳಿಯಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,060 ಕಿಲೋಮೀಟರ್. ಹಾಗಾದರೆ ಅದು ಶಬ್ದವನ್ನು ಮೀರಿತೇ? ಇಲ್ಲ. ರೆಕ್ಕೆಗೆ ಗೊತ್ತಿರುವುದು ತನ್ನ ಸುತ್ತಲಿನ ಗಾಳಿ ಮಾತ್ರ, ಆ ಗಾಳಿಯಲ್ಲಿ ವಿಮಾನ ಎಂದಿನ ವೇಗದಲ್ಲೇ ಇತ್ತು.

ಗಾಳಿಯ ಲಾಭ ದೊಡ್ಡದಾಗಿದ್ದರೆ ಉದ್ದದ ದಾರಿಯೇ ಹತ್ತಿರದ ದಾರಿಯಾಗುತ್ತದೆ. ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಮೊದಲು ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು, ದೂರ ಸುಮಾರು 13,900 ಕಿಲೋಮೀಟರ್, ದಾರಿಯುದ್ದಕ್ಕೂ ಎದುರುಗಾಳಿ. 2016ರ ಅಕ್ಟೋಬರ್‌ನಲ್ಲಿ ದಿಕ್ಕನ್ನೇ ತಿರುಗಿಸಿ ಪೆಸಿಫಿಕ್ ಮೇಲಿಂದ ಪೂರ್ವಕ್ಕೆ ಹಾರಿಸಿದರು. ದೂರ ಸುಮಾರು 15,300 ಕಿಲೋಮೀಟರಿಗೆ ಬೆಳೆಯಿತು. ಆದರೆ ಬೆನ್ನುಗಾಳಿ ಸಿಕ್ಕಿದ್ದರಿಂದ ಹದಿನಾಲ್ಕೂವರೆ ಗಂಟೆಯಲ್ಲಿ ಮುಟ್ಟಿತು. 1,400 ಕಿಲೋಮೀಟರ್ ಹೆಚ್ಚು ಹಾರಿಯೂ ಮೊದಲಿಗಿಂತ ಬೇಗ.

ಉತ್ತರ ಅಟ್ಲಾಂಟಿಕ್ ಮೇಲೆ ಈ ಕೆಲಸ ದಿನವೂ ನಡೆಯುತ್ತದೆ. ಕೆನಡಾದ ಗ್ಯಾಂಡರ್ ಮತ್ತು ಬ್ರಿಟನ್–ಐರ್ಲೆಂಡ್ ಕಡೆಯ ಶಾನ್ವಿಕ್ ಎಂಬ ಎರಡು ನಿಯಂತ್ರಣ ಕೇಂದ್ರಗಳು ಅಂದಂದಿನ ಗಾಳಿಯನ್ನು ನೋಡಿ ಸಮುದ್ರದ ಮೇಲೆ ಸಮಾನಾಂತರ ದಾರಿಗಳನ್ನು ಗುರುತಿಸಿ ಹೊರಡಿಸುತ್ತವೆ. ಪೂರ್ವಕ್ಕೆ ಹೋಗುವವರಿಗೆ ಜೆಟ್ ಸ್ಟ್ರೀಮ್ ಒಳಗೆ, ಪಶ್ಚಿಮಕ್ಕೆ ಹೋಗುವವರಿಗೆ ಅದನ್ನು ತಪ್ಪಿಸಿ. ನಿನ್ನೆಯ ದಾರಿ ಇವತ್ತು ಇರುವುದಿಲ್ಲ.

ಭೂಮಿ ತಿರುಗುತ್ತದಲ್ಲ, ಅದರಿಂದ ಅಲ್ಲವೇ?

ಮಕ್ಕಳು ಕೇಳುವ ಪ್ರಶ್ನೆ, ದೊಡ್ಡವರು ಕೇಳಲು ಸಂಕೋಚಪಡುವ ಪ್ರಶ್ನೆ. ಭೂಮಿ ಪೂರ್ವಕ್ಕೆ ತಿರುಗುತ್ತಿದೆ, ಸಮಭಾಜಕದಲ್ಲಿ ಗಂಟೆಗೆ ಸುಮಾರು 1,670 ಕಿಲೋಮೀಟರ್ ವೇಗದಲ್ಲಿ. ಹಾಗಿದ್ದರೆ ಪಶ್ಚಿಮಕ್ಕೆ ಹೋಗುವವರಿಗೆ ಊರೇ ಎದುರು ಬರಬೇಕಲ್ಲ, ಸುಮ್ಮನೆ ಮೇಲೇರಿ ನಿಂತರೂ ಸಾಕಲ್ಲ?

ಓಡುವ ರೈಲಿನ ಬೋಗಿಯೊಳಗೆ ನಿಂತು ನಾಣ್ಯವನ್ನು ಮೇಲಕ್ಕೆ ಚಿಮ್ಮಿಸಿ. ಅದು ಮರಳಿ ನಿಮ್ಮ ಕೈಗೇ ಬೀಳುತ್ತದೆ, ಹಿಂದಿನ ಸೀಟಿನವರ ತಲೆಗೆ ಹೋಗಿ ಬಡಿಯುವುದಿಲ್ಲ. ಚಿಮ್ಮುವ ಮೊದಲೇ ನಾಣ್ಯಕ್ಕೆ ರೈಲಿನ ವೇಗ ಬಂದಿರುತ್ತದೆ, ಬೋಗಿಯೊಳಗಿನ ಗಾಳಿಗೂ ಅದೇ ವೇಗ ಇರುತ್ತದೆ. ರನ್‌ವೇ ಮೇಲೆ ನಿಂತ ವಿಮಾನವೂ, ಅದರ ಮೇಲಿನ ಗಾಳಿಯೂ ಹಾಗೆಯೇ ಭೂಮಿಯ ಜೊತೆ ಸುತ್ತುತ್ತಿರುತ್ತವೆ. ಆದ್ದರಿಂದ ತಿರುಗುವಿಕೆಯಿಂದ ನೇರವಾಗಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೂ ಆ ಮಗುವಿನ ಊಹೆ ಪೂರ್ತಿ ಸುಳ್ಳಲ್ಲ. ಭೂಮಿ ತಿರುಗದಿದ್ದರೆ ಧ್ರುವದ ಕಡೆ ಹೊರಟ ಗಾಳಿ ಪೂರ್ವಕ್ಕೆ ಹೊರಳುತ್ತಿರಲಿಲ್ಲ, ಜೆಟ್ ಸ್ಟ್ರೀಮ್ ಇರುತ್ತಿರಲಿಲ್ಲ.

ಟಿಕೆಟ್ಟಿನ ಸಮಯ ಎಂದರೆ ಗೇಟಿನಿಂದ ಗೇಟಿಗೆ

ಟಿಕೆಟ್ಟಿನಲ್ಲಿ ಬರೆದ ಹೊತ್ತು ಹಾರುವ ಹೊತ್ತಲ್ಲ. ನಿಂತ ವಿಮಾನ ಜರುಗದಂತೆ ಚಕ್ರಕ್ಕೆ ಕೊಡುವ ಅಡ್ಡಗಟ್ಟೆ ತೆಗೆದು ಗೇಟಿನಿಂದ ಹಿಂದೆ ಸರಿದಾಗ ಗಡಿಯಾರ ಶುರು, ಇನ್ನೊಂದು ಊರಿನ ಗೇಟಿನಲ್ಲಿ ಮತ್ತೆ ಅಡ್ಡಗಟ್ಟೆ ಕೊಟ್ಟಾಗ ನಿಲ್ಲುತ್ತದೆ. ಇದಕ್ಕೆ ಬ್ಲಾಕ್ ಟೈಮ್ ಎನ್ನುತ್ತಾರೆ. ರನ್‌ವೇವರೆಗೆ ಉರುಳಿ ಹೋಗುವುದು, ಸರದಿಗೆ ಕಾಯುವುದು, ಇಳಿಯುವ ಊರಿನ ಮೇಲೆ ಒಂದೆರಡು ಸುತ್ತು ಹಾಕುವುದು, ಎಲ್ಲ ಇದರೊಳಗೆ ಬರುತ್ತವೆ. ಕಂಪನಿಗಳು ತಡವಾಗದಿರಲಿ ಎಂದು ಒಂದಿಷ್ಟು ನಿಮಿಷ ಮೊದಲೇ ಸೇರಿಸಿಯೂ ಇಡುತ್ತವೆ. "ನಿಗದಿತ ಸಮಯಕ್ಕಿಂತ ಇಪ್ಪತ್ತು ನಿಮಿಷ ಮೊದಲೇ ಇಳಿಯುತ್ತಿದ್ದೇವೆ" ಎಂಬ ಘೋಷಣೆಯ ಹಿಂದೆ ಹಲವು ಸಲ ಇರುವುದು ಇದೇ.

ಹತ್ತಿರದ ಊರುಗಳಿಗೆ ಕಿಲೋಮೀಟರ್ ಕಡಿಮೆ ಇದ್ದರೂ ಹೊತ್ತು ಅಷ್ಟಾಗಿ ಇಳಿಯದಿರುವುದಕ್ಕೆ ಕಾರಣವೂ ಇಲ್ಲೇ ಇದೆ. ಮೇಲೇರಲು ಸುಮಾರು ಅರ್ಧ ಗಂಟೆ, ಇಳಿಯಲು ಹೆಚ್ಚುಕಡಿಮೆ ಅಷ್ಟೇ. 11 ಕಿಲೋಮೀಟರ್ ಎತ್ತರದಿಂದ ಹಿತವಾಗಿ ಇಳಿಯಬೇಕಾದರೆ ಊರು ಇನ್ನೂ 200 ಕಿಲೋಮೀಟರ್ ದೂರ ಇರುವಾಗಲೇ ಇಳಿತ ಶುರುಮಾಡಬೇಕು. ಈ ಖರ್ಚು 500 ಕಿಲೋಮೀಟರಿಗೂ ಅಷ್ಟೇ, 15,000 ಕಿಲೋಮೀಟರಿಗೂ ಅಷ್ಟೇ.

ನೀವೇ ಅಂದಾಜು ಮಾಡಬೇಕೆಂದರೆ ಒಂದು ಕೈಲೆಕ್ಕ ಇದೆ. ಮಹಾವೃತ್ತದ ದೂರವನ್ನು 850ರಿಂದ ಭಾಗಿಸಿ, 40 ನಿಮಿಷ ಕೂಡಿಸಿ. ಸಿಂಗಪುರದಿಂದ ನ್ಯೂಯಾರ್ಕ್‌ಗೆ ಸುಮಾರು 15,350 ಕಿಲೋಮೀಟರ್. ಲೆಕ್ಕದಲ್ಲಿ ಬರುವುದು ಹದಿನೆಂಟು ಗಂಟೆ ನಲವತ್ತು ನಿಮಿಷದ ಆಸುಪಾಸು, ವೇಳಾಪಟ್ಟಿಯ ಹೊತ್ತೂ ಹೆಚ್ಚುಕಡಿಮೆ ಅಷ್ಟೇ. ಪಶ್ಚಿಮಕ್ಕೆ ಹೋಗುವುದಾದರೆ ಸ್ವಲ್ಪ ಕೂಡಿಸಿ, ಪೂರ್ವಕ್ಕಾದರೆ ಸ್ವಲ್ಪ ಕಳೆಯಿರಿ. ಮುಚ್ಚಿದ ಆಕಾಶ ನಡುವೆ ಬಂದರೆ ಮಾತ್ರ ಈ ಲೆಕ್ಕ ಕೈಕೊಡುತ್ತದೆ.

ಒಂದೇ ನೆಗೆತಕ್ಕೆ ಎಷ್ಟು ದೂರ?

ಸಿಂಗಪುರ–ನ್ಯೂಯಾರ್ಕ್ ಓಡಾಟದ ಎ350ರ ವಿಶೇಷ ಮಾದರಿ 1,65,000 ಲೀಟರ್ ಇಂಧನ ಹಿಡಿಯುತ್ತದೆ, ತೂಕದಲ್ಲಿ ಸುಮಾರು 130 ಟನ್. ಆ ವಿಮಾನ ಮೇಲೇರಬಹುದಾದ ಗರಿಷ್ಠ ತೂಕ 280 ಟನ್. ಅಂದರೆ ಹೊರಡುವಾಗಿನ ಭಾರದಲ್ಲಿ ಹತ್ತಿರಹತ್ತಿರ ಅರ್ಧ ಇಂಧನವೇ. ಅದನ್ನು ಹೊರಲು ಬೇರೆ ಕಡೆ ಕಡಿತ ಮಾಡಬೇಕು, ಆದ್ದರಿಂದ ಇದರಲ್ಲಿ ಸೀಟು 161 ಮಾತ್ರ. ಕೊನೆಯ ಗಂಟೆಗೆ ಬೇಕಾದ ಇಂಧನವನ್ನು ಹೊರಲು ಮೊದಲ ಹದಿನೇಳು ಗಂಟೆ ಇಂಧನ ಸುಡಬೇಕು ಎಂಬುದೇ ದೂರಪ್ರಯಾಣದ ದೊಡ್ಡ ತೊಡಕು. ಭಾರದ ವಿಮಾನ ಮೊದಲು ತುಸು ಕೆಳಗೆ ಹಾರಿ, ಇಂಧನ ಕರಗಿ ಹಗುರಾದಂತೆ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ.

ಹಿಂದೆ ಈ ತೊಡಕಿಗೆ ಇದ್ದ ಪರಿಹಾರ ಅಲ್ಲಲ್ಲಿ ಇಳಿಯುವುದು. 1947ರ ಡಿಸೆಂಬರ್‌ನಲ್ಲಿ ಸಿಡ್ನಿಯಿಂದ ಲಂಡನ್ನಿಗೆ ಹೊರಟ ಆಸ್ಟ್ರೇಲಿಯಾದ ಕ್ವಾಂಟಾಸ್ ಕಂಪನಿಯ ವಿಮಾನ ಡಾರ್ವಿನ್, ಸಿಂಗಪುರ, ಕಲ್ಕತ್ತಾ, ಕರಾಚಿ, ಕೈರೊ, ಟ್ರಿಪೊಲಿಗಳಲ್ಲಿ ನಿಂತು ನಿಂತು ನಾಲ್ಕು ದಿನಕ್ಕೆ ತಲುಪಿತ್ತು. 2018ರ ಮಾರ್ಚ್‌ನಿಂದ ಅದೇ ಕಂಪನಿಯ ವಿಮಾನ ಪರ್ತ್‌ನಿಂದ ಲಂಡನ್ನಿಗೆ, ಸುಮಾರು 14,500 ಕಿಲೋಮೀಟರ್, ಎಲ್ಲೂ ಇಳಿಯದೆ ಹದಿನೇಳು ಗಂಟೆ ಚಿಲ್ಲರೆಯಲ್ಲಿ ಹೋಗುತ್ತಿದೆ.

ಟಿಕೆಟ್ ಕೊಳ್ಳುವಾಗ ಒಂದು ಪದದ ಬಗ್ಗೆ ಎಚ್ಚರ ಇರಲಿ. "ನಾನ್‌ಸ್ಟಾಪ್" ಎಂದರೆ ನಡುವೆ ಎಲ್ಲೂ ಇಳಿಯುವುದಿಲ್ಲ. "ಡೈರೆಕ್ಟ್" ಎಂದರೆ ಫ್ಲೈಟ್ ನಂಬರ್ ಬದಲಾಗುವುದಿಲ್ಲ ಎಂದಷ್ಟೇ, ನಡುವೆ ಒಂದು ಕಡೆ ಇಳಿದು ಹೋಗಬಹುದು. ಇದು ತಿಳಿಯದೆ ವಯಸ್ಸಾದವರನ್ನು ಒಬ್ಬರನ್ನೇ ಕಳಿಸಿ, ನಡುದಾರಿಯಲ್ಲಿ ವಿಮಾನ ನಿಂತಾಗ ಅವರು ಗಾಬರಿಯಾಗುವಂತೆ ಮಾಡಬೇಡಿ.

ಕೊನೆಗೆ ಗಡಿಯಾರ

ಮೊದಲು ಹೇಳಿದ ಟೋಕಿಯೊ ಟಿಕೆಟ್ಟಿಗೆ ಬರೋಣ.

ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ, ಗಂಟೆಗೆ 15 ಡಿಗ್ರಿ. ಅದರಂತೆ ಜಗತ್ತನ್ನು ಕಾಲವಲಯಗಳಾಗಿ ಹಂಚಿಕೊಂಡಿದ್ದೇವೆ. ಎಲ್ಲಕ್ಕೂ ನಡುಗಂಬ ಯುಟಿಸಿ ಎಂಬ ಜಾಗತಿಕ ಸಮಯ. ಪ್ರತಿ ಊರಿನ ಗಡಿಯಾರ ಅದಕ್ಕಿಂತ ಇಷ್ಟು ಮುಂದೆ ಅಥವಾ ಹಿಂದೆ ಇರುತ್ತದೆ. ಎಲ್ಲವೂ ಪೂರ್ತಿ ಗಂಟೆಗಳಲ್ಲಿ ಇಲ್ಲ, ಭಾರತ ಐದೂವರೆ ಗಂಟೆ ಮುಂದೆ, ನೇಪಾಳ ಐದೂಮುಕ್ಕಾಲು.

ಟಿಕೆಟ್ಟಿನಲ್ಲಿ ಎರಡೂ ಸಮಯಗಳು ಆಯಾ ಊರಿನವು. ಅವನ್ನು ಹಾಗೇ ಕಳೆದರೆ ಪ್ರಯಾಣದ ಹೊತ್ತು ಸಿಗುವುದಿಲ್ಲ. ಎರಡನ್ನೂ ಯುಟಿಸಿಗೆ ತಂದುಕೊಳ್ಳಬೇಕು. ಟೋಕಿಯೊ ಒಂಬತ್ತು ಗಂಟೆ ಮುಂದೆ ಇದೆ, ಆದ್ದರಿಂದ ಅಲ್ಲಿನ ಸಂಜೆ 5 ಎಂದರೆ ಯುಟಿಸಿ ಬೆಳಿಗ್ಗೆ 8. ಲಾಸ್ ಏಂಜಲೀಸ್ ಚಳಿಗಾಲದಲ್ಲಿ ಎಂಟು ಗಂಟೆ ಹಿಂದೆ, ಹಾಗಾಗಿ ಅಲ್ಲಿನ ಬೆಳಿಗ್ಗೆ 10 ಎಂದರೆ ಯುಟಿಸಿ ಸಂಜೆ 6. ಎಂಟರಿಂದ ಆರಕ್ಕೆ ಹತ್ತು ಗಂಟೆ. ಸುಮಾರು 8,800 ಕಿಲೋಮೀಟರನ್ನು ಬೆನ್ನುಗಾಳಿಯಲ್ಲಿ ಹತ್ತು ಗಂಟೆಗೆ ದಾಟಿದ ಸಾಮಾನ್ಯ ಪ್ರಯಾಣ ಅದು. ತಾರೀಖು ಬದಲಾಗದಿರಲು ಕಾರಣ, ನಡುವೆ ಪೆಸಿಫಿಕ್ ಸಾಗರದಲ್ಲಿ ದಾಟಿದ ಅಂತರರಾಷ್ಟ್ರೀಯ ದಿನರೇಖೆ. ಪೂರ್ವಕ್ಕೆ ದಾಟಿದರೆ ತಾರೀಖು ಒಂದು ದಿನ ಹಿಂದಕ್ಕೆ, ಪಶ್ಚಿಮಕ್ಕೆ ದಾಟಿದರೆ ಒಂದು ದಿನ ಮುಂದಕ್ಕೆ.

ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್‌ನವರು ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟುಕೊಳ್ಳುತ್ತಾರೆ, ಟೋಕಿಯೊದವರು ಹಾಗೆ ಮಾಡುವುದಿಲ್ಲ. ಆಗ ಅದೇ ಹತ್ತು ಗಂಟೆಯ ಪ್ರಯಾಣದ ಟಿಕೆಟ್ಟಿನಲ್ಲಿ ತಲುಪುವ ಸಮಯ ಬೆಳಿಗ್ಗೆ 11 ಎಂದಿರುತ್ತದೆ.

ಮರಳುವ ಟಿಕೆಟ್ಟಿನಲ್ಲಿ ಎಲ್ಲವೂ ತಿರುಗುಮುರುಗು. ಲಾಸ್ ಏಂಜಲೀಸ್‌ನಿಂದ ಚಳಿಗಾಲದಲ್ಲಿ ಮಧ್ಯಾಹ್ನ 12ಕ್ಕೆ ಹೊರಟರೆ ಎದುರುಗಾಳಿಯಲ್ಲಿ ಸುಮಾರು ಹನ್ನೆರಡು ಗಂಟೆಯ ಹಾರಾಟ, ಅದರ ಮೇಲೆ ಗಡಿಯಾರದ ಹದಿನೇಳು ಗಂಟೆಯ ಅಂತರ. ಟೋಕಿಯೊದಲ್ಲಿ ಇಳಿಯುವಾಗ ಮರುದಿನ ಸಂಜೆ 5 ಆಗಿರುತ್ತದೆ. ಕರೆದುಕೊಂಡು ಬರಲು ಹೋಗುವವರು ಸಮಯದ ಪಕ್ಕದಲ್ಲಿ ಸಣ್ಣದಾಗಿ ಅಚ್ಚಾಗಿರುವ "+1" ಗುರುತನ್ನು ನೋಡಿಕೊಂಡೇ ಮನೆ ಬಿಡಬೇಕು.